ಸಿಸ್ಟರಬಾಯಿಯ ಜೀಪು ಯಾಕೆ ಕುದಿಯುತ್ತಿತ್ತು

ಸಿಸ್ಟರಬಾಯಿ ತೀರಿಕೊಂಡು ಕೆಲವು ವರ್ಷಗಳಾದವು. ಅವರ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಎದ್ದಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಊರಿಗೆ ಊರೇ ಅವರನ್ನು ಸಿಸ್ಟರಬಾಯಿ ಎನ್ನುತ್ತಿತ್ತು, ನಾನು ಬರೀ ಬಾಯಿ ಎನ್ನುತ್ತಿದ್ದೆ. ಮನೆಗೆ ಬಂದ ಸೊಸೆ ಕೂಡ ಮೊದಮೊದಲು ಅತ್ತೆಯನ್ನು ಸಿಸ್ಟರ್ ಎಂದೇ ಕರೆದು ನಾಲಿಗೆ ಕಚ್ಚಿಕೊಂಡಿದ್ದಳಂತೆ.

ನಾನು ನರ್ಸ್ ಆಗಿ ಮೊದಲು ಕೆಲಸಕ್ಕೆ ಸೇರಿದ್ದು ಯಡೂರಿನ ಹತ್ತಿರದ ಒಂದು ಆರೋಗ್ಯ ಕೇಂದ್ರದಲ್ಲಿ, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ಅಥಣಿ ಕಡೆಯ ಹುಡುಗಿ ನಾನು, ಆ ಹೊಳೆದಂಡೆಯ ಊರುಗಳು ಹೊಸವು. ಹಾಜರಾಗಲು ಹೋದ ದಿನ ಆಸ್ಪತ್ರೆಯ ಅಂಗಳದಲ್ಲಿ ನೀಲಿ ಬಣ್ಣದ ಹಳೆಯ ಜೀಪೊಂದು ಬಾನೆಟ್ ಎತ್ತಿಕೊಂಡು ನಿಂತಿತ್ತು. ಬಿಳಿ ಸೀರೆಯ ಹೆಂಗಸೊಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದರೊಳಗೆ ಬಗ್ಗಿದ್ದರು.

"ಸೀನಿಯರ್ ಸಿಸ್ಟರ್ ಎಲ್ಲಿ ಅದಾರ್ರಿ?" ಎಂದು ಕೇಳಿದೆ.

"ಆ ನೀರಿನ ಬಾಟ್ಲಿ ಕೊಡಿಲ್ಲೆ," ಅಂದರು. ತಲೆ ಎತ್ತಲಿಲ್ಲ. ಕೊಟ್ಟೆ.

"ಹೊಸದಾಗಿ ಬಂದಾಕಿ ಏನ?"

"ಹೌದ್ರಿ."

"ಮೈ ಸುಡಾಕತ್ತೇತಿ ಅಂತ ಪೇಷಂಟ್ ಬಂದ್ರ ಮೊದಲ ಏನ ಮಾಡ್ತಿ?"

ಕಲಿತದ್ದೆಲ್ಲ ಆ ಗಳಿಗೆಯಲ್ಲಿ ಮರೆತುಹೋಗಿ, "ಗುಳಿಗಿ ಕೊಡ್ತೀನ್ರಿ" ಅಂದೆ.

"ತಪ್ಪು. ಮೊದಲ ಕೇಳ್ತಿ. ಯಾವಾಗಿಂದ ಸುಡಾಕತ್ತೇತಿ, ಏರಿ ಹತ್ತಾಗ ಸುಡತೈತೋ, ಸುಮ್ಮ ನಿಂತಾಗ ಸುಡತೈತೋ."

ಅವರು ಪೇಷಂಟ್ ಬಗ್ಗೆ ಹೇಳುತ್ತಿದ್ದಾರೋ ಜೀಪಿನ ಬಗ್ಗೆ ಹೇಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಮುಂದೆ ಜೊತೆಗೆ ಕೆಲಸ ಮಾಡಿದ ಅಷ್ಟೂ ವರ್ಷ ಈ ಗೊಂದಲ ನನ್ನನ್ನು ಬಿಡಲಿಲ್ಲ.

ಜೀಪು ಅವರ ಗಂಡ ತಂದದ್ದು. ಸಕ್ಕರೆ ಕಾರ್ಖಾನೆಯಲ್ಲಿ ಡ್ರೈವರ್ ಆಗಿದ್ದ ಅವರು, ಮಿಲಿಟರಿಯವರು ಹರಾಜು ಹಾಕಿದ್ದ ಈ ಗಾಡಿಯನ್ನು ಹಿಡಿದು, ಹಸಿರನ್ನು ಕೆರೆದು ನೀಲಿ ಬಳಿದು, ಅದರಲ್ಲಿ ನೆಟ್ಟಗೆ ಒಂದು ವರ್ಷ ತಿರುಗಾಡುವ ಮೊದಲೇ ಹೋಗಿಬಿಟ್ಟರು. ಸ್ಟೇರಿಂಗು ಎಡಗಡೆ. ಮೈದುನಂದಿರು ಮಾರಿಬಿಡು ಅಂದರು. "ಮಾರಾಕ ಯಾವಾಗರ ಬರತೈತಿ. ಹೊಡಿಯಾಕ ಬರತೈತೋ ಇಲ್ಲೋ ನೋಡತೀನಿ ಮೊದಲ" ಎಂದ ಬಾಯಿ, ಕಾರ್ಖಾನೆಯ ಬಯಲಿನಲ್ಲಿ ಗಂಡನ ಗೆಳೆಯರೊಬ್ಬರಿಂದ ಡ್ರೈವಿಂಗ್ ಕಲಿತರು. ದಲಿತ ಬೌದ್ಧರ ಮನೆಯ ಹೆಂಗಸು, ಅದೂ ವಿಧವೆ, ಜೀಪು ಓಡಿಸುತ್ತಾಳೆಂದು ಆಡಿಕೊಂಡವರು ಬೇಕಾದಷ್ಟು ಜನ. ಹೆರಿಗೆಯ ನೋವು ಬಂದಾಗ ಅದೇ ಜೀಪಿಗೆ ಕೈ ಮಾಡಿ ನಿಲ್ಲಿಸಿದವರೂ ಅವರೇ. ಬಾಯಿ ಇದನ್ನು ಹೇಳುವಾಗ ನಗುತ್ತಿದ್ದರು. ಆ ನಗುವಿನಲ್ಲಿ ಸಿಟ್ಟೆಷ್ಟು, ತಮಾಷೆಯೆಷ್ಟು ಎಂದು ನಾನು ಹೇಳಲಾರೆ.

ಹಳೆಯ ಇಂಜಿನ್ನು, ಬೇಸಿಗೆ ಬಂತೆಂದರೆ ಕುದಿಯುವುದು. ಮೊದಲ ಸಲ ಹಾಗಾದಾಗ ಬಾಯಿ ಅವಸರದಲ್ಲಿ ರೇಡಿಯೇಟರಿನ ಮುಚ್ಚಳ ತೆಗೆದು ಮುಂಗೈ ಸುಟ್ಟುಕೊಂಡಿದ್ದರಂತೆ. ಅದರ ಗುರುತು ಬಳೆಯ ಹಿಂದೆ ಕಾಣುತ್ತಿತ್ತು. ಆಮೇಲಿಂದ ಯಾರಾದರೂ ಮುಚ್ಚಳಕ್ಕೆ ಕೈ ಹಾಕಿದರೆ "ಥಾಂಬ, ಥಾಂಬ!" ನಿಲ್ಲು, ನಿಲ್ಲು ಎಂದು ಮರಾಠಿಯಲ್ಲಿ ಚೀರುತ್ತಿದ್ದರು. ಗಾಬರಿಯಾದಾಗ ಮನೆಯ ಮಾತೇ ಬರುತ್ತಿತ್ತು ಅವರಿಗೆ.

ಒಂದು ಪೋಲಿಯೋ ಭಾನುವಾರ ಜುಗೂಳಕ್ಕೆ ಹೊರಟಿದ್ದೆವು. ನನ್ನ ತೊಡೆಯ ಮೇಲೆ ಲಸಿಕೆಯ ಡಬ್ಬಿ, ಒಳಗೆ ಲಸಿಕೆ ಕೆಡದಿರಲೆಂದು ಇಟ್ಟ ಮಂಜುಗಡ್ಡೆ, ಬರ್ಫು. ಕಬ್ಬಿನ ಗದ್ದೆಗಳ ನಡುವೆ ಜೀಪು ಹೊಗೆಯೆದ್ದು ನಿಂತಿತು. ಬಾಯಿ ತಂದಿದ್ದ ನೀರು ಮುಗಿದಿತ್ತು. ಹೊಲದಿಂದ ಎದ್ದು ಬಂದ ಹಿರಿಯರೊಬ್ಬರು ಎಲ್ಲವನ್ನೂ ನೋಡಿ, "ಅಲ್ಲೆವ್ವಾ, ತೊಡಿ ಮ್ಯಾಲ ಬರ್ಫ ಇಟಗೊಂಡ ನೀರ ಹುಡುಕತೀರಲ್ಲ, ಸುರೀರಿ ಅದನ್ನ" ಅಂದರು. ನನಗೂ ಹೌದೆನ್ನಿಸಿತು! ಬಾಯಿ ಡಬ್ಬಿಯನ್ನು ನನ್ನ ಕೈಯಿಂದ ಕಸಿದುಕೊಂಡೇ ಬಿಟ್ಟರು. "ಅದು ಹುಡುಗೂರದ ಬರ್ಫ. ಗಾಡಿ ಬೇಕಾದ್ರ ಇಲ್ಲೇ ಸುಟ್ಟ ಹೋಗಲಿ." ಹಿರಿಯರ ಸೈಕಲ್ಲಿನ ಹಿಂದೆ ಕೂತು ಡಬ್ಬಿಯ ಸಮೇತ ಊರಿಗೆ ಹೋದರು. ನಾನು ಜೀಪು ಕಾಯುತ್ತ ಕೂತೆ. ಮಧ್ಯಾಹ್ನ ವಾಪಸು ಬಂದು ಇಂಜಿನ್ನನ್ನು ಮುಟ್ಟಿ ನೋಡಿ, "ಆರೇತಿ" ಎಂದು ಎಷ್ಟು ಸಮಾಧಾನದಿಂದ ಹೇಳಿದರೆಂದರೆ, ಅಷ್ಟೂ ಹೊತ್ತು ಅವರಿಗೆ ಗಾಡಿಯದೇ ಚಿಂತೆ ಇತ್ತೇನೋ ಎನ್ನಿಸಿತು.

ಅವರ ಊಹೆ ಯಾವಾಗಲೂ ಸರಿಯಿರುತ್ತಿತ್ತೆಂದಲ್ಲ. ಒಂದು ಬೇಸಿಗೆ ಇಡೀ ನೀರಿನ ಪಂಪನ್ನು ಬೈದುಕೊಂಡು ತಿರುಗಿದರು. ನಿಪ್ಪಾಣಿಯಲ್ಲಿ ಅವರ ಗಾಡಿ ನೋಡುತ್ತಿದ್ದ ಮಿಸ್ತ್ರಿ ಕೊನೆಗೆ ರೇಡಿಯೇಟರಿನ ಮುಂಭಾಗದಿಂದ ಕಬ್ಬಿನ ರವದಿಯನ್ನು, ಆ ಒಣ ಎಲೆಗಳನ್ನು, ಮುಷ್ಟಿಗಟ್ಟಲೆ ಎಳೆದು ಹಾಕಿದ. ಗಾಳಿ ಹೋಗಲು ದಾರಿಯೇ ಇರಲಿಲ್ಲ. ಬಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮೂಗಿನಾಗ ಹತ್ತಿ ತುರಕೊಂಡ ಬಂದಾವಗ ನಾ ಎದಿಗೆ ಔಷಧ ಕೊಟ್ಟೆ ನೋಡ!"

ಒಂದೇ ಒಂದು ನಿಯಮವನ್ನು ಅವರು ಬಿಟ್ಟುಕೊಡುತ್ತಿರಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬೆಲ್ಟ್ ಬದಲಿಸಿದರೆ ಓಡಿಸಿ ನೋಡಬೇಕು, ಆಮೇಲೆ ಮುಂದಿನದು. ಮಿಸ್ತ್ರಿ ಎರಡು ಕೆಲಸ ಒಟ್ಟಿಗೆ ಮಾಡಿದರೆ ಜಗಳ. "ಎರಡ ಗುಳಿಗಿ ಕೂಡೇ ನುಂಗಿಸಿದ್ರ, ಯಾವುದಕ ಆರಾಮಾತು ಅಂತ ಹೆಂಗ ಗೊತ್ತಾಗಬೇಕೋ?"

ಬಾಯಿ ನಿವೃತ್ತರಾಗಿ ಚಿಕ್ಕೋಡಿಯ ಮಗನ ಮನೆಗೆ ಹೋದರು. ನನಗೆ ಏಕಸಂಬಿಗೆ ವರ್ಗವಾಗಿತ್ತು, ರಜೆಯಿದ್ದಾಗ ಬಸ್ಸು ಹತ್ತಿ ಹೋಗಿ ಬರುತ್ತಿದ್ದೆ. ಮಗ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಅವನಿಗೆ ಜೀಪು ಕಂಡರಾಗುತ್ತಿರಲಿಲ್ಲ. ಈ ವಯಸ್ಸಿನಲ್ಲಿ ತಾಯಿ ಅದನ್ನು ಓಡಿಸುವುದು ಬೇಡ, ಅಂಗಳ ಖಾಲಿಯಾದರೆ ಒಂದು ಕೋಣೆ ಕಟ್ಟಿಸಬಹುದು ಎನ್ನುತ್ತಿದ್ದ. ಬಾಯಿ ಕೇಳದವರ ಹಾಗೆ ಇರುತ್ತಿದ್ದರು.

ಒಂದು ದಿನ ಫೋನ್ ಬಂತು. "ಮತ್ತ ಕುದಿಯಾಕತ್ತೇತಿ ಬೇ. ಬಾ, ನೋಡೂಣ."

ಹೋದೆ. ಬಾಯಿ ಇಂಜಿನ್ ಚಾಲೂ ಇಟ್ಟು, ರೇಡಿಯೇಟರಿಗೆ ಹೋಗುವ ಮೇಲಿನ ಪೈಪಿನ ಮೇಲೆ ನನ್ನ ಕೈ ಇರಿಸಿದರು. ಇಂಜಿನ್ ಕಾದು ಕೆಂಡವಾಗಿತ್ತು, ಪೈಪು ಮಾತ್ರ ಬೆಚ್ಚಗೂ ಇರಲಿಲ್ಲ. "ನೀರ ಹೊರಗ ಬರವಲ್ದು. ಬಾಗಲಾ ಹಾಕಿದಂಗ ಐತಿ," ಅಂದರು. ಇಂಜಿನ್ ಆರಿದ ಮೇಲೆ ಪೈಪಿನ ಬುಡದಲ್ಲಿ ಎರಡು ಬೋಲ್ಟು ಬಿಚ್ಚಿ, ಬಿಲ್ಲೆಯಂಥ ಒಂದು ಹಿತ್ತಾಳೆಯ ಸಾಮಾನು ತೆಗೆದರು. ಥರ್ಮೋಸ್ಟ್ಯಾಟ್. ನೀರು ಕಾಯುವ ತನಕ ಮುಚ್ಚಿಕೊಂಡಿದ್ದು, ಕಾದ ಮೇಲೆ ತಾನಾಗಿ ತೆರೆದುಕೊಂಡು ನೀರನ್ನು ಬಿಡುವಂಥದು. ಅದನ್ನು ದಾರಕ್ಕೆ ಕಟ್ಟಿ, ಸೊಸೆ ಅನ್ನಕ್ಕಿಟ್ಟಿದ್ದ ಎಸರಿನಲ್ಲಿ ಇಳಿಬಿಡಲು ಹೋಗಿ ಬೈಸಿಕೊಂಡರು. ಆಮೇಲೆ ಬೇರೆ ಪಾತ್ರೆಯಲ್ಲಿ ನೀರು ಕುದಿಸಿ ಇಳಿಬಿಟ್ಟೆವು. ನೀರು ಕೊತಕೊತ ಕುದಿಯಿತು, ಅದು ತೆರೆದುಕೊಳ್ಳಲಿಲ್ಲ.

"ಸಿಕ್ಕಿತು," ಅಂದರು ಬಾಯಿ. ಔಷಧಿಯ ರಟ್ಟು ಕತ್ತರಿಸಿ ನೀರು ಸೋರದಂತೆ ಗ್ಯಾಸ್ಕೆಟ್ ಮಾಡಿ, ಆ ಸಾಮಾನಿಲ್ಲದೆಯೇ ಮುಚ್ಚಿದರು. ಯಡೂರಿನ ತನಕ ಹೋಗಿ ಬಂದೆವು. ಇಂಜಿನ್ನಿನ ಕಾವು ತೋರಿಸುವ ಮುಳ್ಳು ಮೇಲೇಳಲಿಲ್ಲ. "ಹಿಂಗ ಬಾಳ ದಿನ ಓಡಸಬಾರದು, ಇಂಜಿನ್‌ಗೆ ಛಲೋ ಅಲ್ಲ. ಹೊಸದು ಸಿಕ್ಕಾಗ ಹಾಕೂಣ," ಎಂದು ಕೆಟ್ಟದ್ದನ್ನು ಮಾದರಿಗೆಂದು ಸ್ಪ್ಯಾನರುಗಳ ಪಾನಾ ಪೆಟ್ಟಿಗೆಯಲ್ಲಿ ಇಟ್ಟರು.

ಸ್ವಲ್ಪ ದಿನಕ್ಕೆ ಮತ್ತೆ ಫೋನ್. ಮತ್ತೆ ಕುದಿಯುತ್ತಿದೆ. ಹೋಗಿ ಪೈಪು ಮುಟ್ಟಿದೆ, ತಣ್ಣಗಿತ್ತು. ಬೋಲ್ಟು ಬಿಚ್ಚಿ ನೋಡಿದರೆ ಅದೇ ಹಿತ್ತಾಳೆಯ ಬಿಲ್ಲೆ ಒಳಗೆ ಕೂತಿದೆ.

ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ಮಿಸ್ತ್ರಿ ಹಾಕ್ಯಾನ," ಎಂದ ಬಾಯಿ ಅದನ್ನು ಕಿತ್ತು ಪೆಟ್ಟಿಗೆಗೆ ಹಾಕಿ, ನನ್ನನ್ನು ಕೂರಿಸಿಕೊಂಡು ನೇರ ನಿಪ್ಪಾಣಿಗೆ ಹೋದರು. ಮಿಸ್ತ್ರಿ ಗ್ರೀಸಿನ ಕೈಯನ್ನು ಎದೆಯ ಮೇಲಿಟ್ಟುಕೊಂಡ. "ನನ್ನ ಹುಡುಗೂರ ಆಣೀರಿ ಬಾಯಿ, ದೀಪಾವಳಿ ಆದಮ್ಯಾಲ ನಿಮ್ಮ ಗಾಡಿ ನಾ ಮುಟ್ಟೇ ಇಲ್ಲ." ಬಾಯಿ ನಂಬಲಿಲ್ಲ. ನಾನು ಅರ್ಧ ನಂಬಿದೆ.

ಮೂರನೆಯ ಸಲವೂ ಹಾಗೇ ಆದಾಗ ಬಾಯಿಯ ಅನುಮಾನ ಮನೆಯೊಳಗೆ ತಿರುಗಿತು. "ಮಾರಬೇಕಲ್ಲ ಅವಗ. ಗಾಡಿ ಕೆಟ್ಟ ನಿಂತ್ರ ಮಾರಾಕ ಸಲೀಸು." ಮಗ ಊಟ ಮಾಡುತ್ತಿದ್ದ. ತಟ್ಟೆ ಸರಿಸಿ ಎದ್ದ. "ಅವ್ವಾ, ಮಾರೂದಿದ್ರ ನಿನ್ನ ಮುಂದ ಮಾರ್ತೀನಿ. ಕಳ್ಳನಂಗ ಯಾಕ ಮಾಡ್ಲಿ?" ಅವತ್ತಿನಿಂದ ತಾಯಿ ಮಗನ ಮಾತು ನಿಂತಿತು. ಒಂದೇ ಮನೆಯಲ್ಲಿ ಸೊಸೆಯ ಮೂಲಕ ಮಾತಾಡಿಕೊಳ್ಳುತ್ತಿದ್ದರು. ನನಗೂ ಮಗನ ಮೇಲೇ ಅನುಮಾನ. ಮನೆಯಲ್ಲಿ ಪಾನಾ ಹಿಡಿಯಬಲ್ಲವರು ಬೇರೆ ಯಾರಿದ್ದರು?

ಆಮೇಲೆ ಒಂದು ಬೆಳಿಗ್ಗೆ, ತಿಳಿಸದೆಯೇ ಹೋಗಿದ್ದೆ. ಬಾಯಿ ಬಾನೆಟ್ಟಿನೊಳಗೆ ಬಗ್ಗಿದ್ದರು. ಪಕ್ಕದಲ್ಲಿ ಪಾನಾ ಪೆಟ್ಟಿಗೆ ತೆರೆದಿತ್ತು. ಹಿತ್ತಾಳೆಯ ಬಿಲ್ಲೆಯನ್ನು ಒರೆಸಿ, ಅದರ ಜಾಗದಲ್ಲಿ ಕೂರಿಸಿ, ಬೋಲ್ಟು ಬಿಗಿಯುತ್ತಿದ್ದರು.

"ಬಾ ಬೇ. ಯಾರೋ ಇದನ್ನ ತಗದ ಪೆಟಿಗ್ಯಾಗ ಒಗದಾರ ನೋಡ. ಇದ ಇಲ್ಲದ ಇಂಜಿನ್ ಓಡಸಬಾರದು ಅಂತ ಒಬ್ಬರಿಗೂ ಗೊತ್ತಿಲ್ಲ."

ಸುಮ್ಮನೆ ಇರಬೇಕೋ ಹೇಳಬೇಕೋ ತಿಳಿಯದೆ, ಕೊನೆಗೆ ಹೇಳಿಯೇ ಬಿಟ್ಟೆ. "ಬಾಯಿ, ಅದನ್ನ ನೀವಽ ತಗದಿದ್ರಿ. ಅದು ಕೆಟ್ಟೇತ್ರಿ. ಆಗ ನಾ ಇಲ್ಲೇ ಇದ್ನಲ್ಲ."

ಬಾಯಿ ನನ್ನನ್ನು ನೋಡಿದರು. ಸಿಟ್ಟು ಬಂದರೆ ಬರಲಿ ಎಂದುಕೊಂಡಿದ್ದೆ, ಬರಲಿಲ್ಲ. ಬೋಲ್ಟು ಬಿಚ್ಚಿ ಬಿಲ್ಲೆಯನ್ನು ಹೊರತೆಗೆದು ಅಡುಗೆಮನೆಗೆ ನಡೆದರು. ಪಾತ್ರೆಯಲ್ಲಿ ನೀರು ಇಟ್ಟು, ದಾರ ಕಟ್ಟಿ, ಇಳಿಬಿಟ್ಟರು. ನೀರು ಕುದಿಯಿತು. ಅದು ತೆರೆಯಲಿಲ್ಲ.

"ನಾನಽ ತಗದಿದ್ನಾ?"

"ಹೌದ್ರಿ."

"ಹಾಕಿದ್ದೂ ನಾನಽ?"

"ಇವತ್ತಂತೂ ನೀವಽ ಹಾಕಾಕತ್ತಿದ್ರಿ."

ಅವರು ಗ್ಯಾಸು ಆರಿಸಿದರು. ಅದೇ ಒಲೆಯ ಮೇಲೆ ಚಹಾ ಮಾಡಿ ಕೊಟ್ಟರು. ಸಕ್ಕರೆ ಎರಡು ಸಲ ಬಿದ್ದಿತ್ತು. ಕುಡಿದೆ.

ಮುಂದಿನ ಸಲ ಹೋದಾಗ ಬಾಗಿಲಲ್ಲೇ ಎದುರಾಗಿ ಹೇಳಿದರು: "ಯಾರೋ ಇದನ್ನ ತಗದ ಒಗದಾರ ನೋಡ ಬೇ." ಅದೇ ಮಾತು, ಅದೇ ದನಿ. ನಾವು ಅಡುಗೆಮನೆಯಲ್ಲಿ ಆಡಿದ್ದು ಆಗೇ ಇಲ್ಲವೆನ್ನುವ ಹಾಗೆ. ನಾನು ಅವರ ಕಣ್ಣನ್ನು ನೋಡಿದೆ. ಏನೂ ಗೊತ್ತಾಗಲಿಲ್ಲ.

ನನಗೆ ಹೊಳೆದದ್ದು ಒಂದೇ ದಾರಿ. ನಿಪ್ಪಾಣಿಗೆ ಹೋಗಿ ಮಿಸ್ತ್ರಿಗೆ ಎಲ್ಲ ಹೇಳಿದೆ. "ಬಾಯಿ ಅದನ್ನ ಹಾಕೂದು ಬಿಡಾಂಗಿಲ್ಲ. ಎಲ್ಲಿಂದರ ಒಂದು ಛಲೋದು ತಂದ ಕೆಟ್ಟದ್ದರ ಜಾಗಾದಾಗ ಇಟಬಿಡ್ರಿ. ಎಷ್ಟ ಸಲ ಬೇಕಾದ್ರೂ ಹಾಕಲಿ. ಆದ್ರ ಅವರಿಗೆ ಹೇಳಬ್ಯಾಡ್ರಿ." ಮಿಸ್ತ್ರಿ ಕೈ ಒರೆಸಿಕೊಂಡ. "ಕೊಲ್ಲಾಪುರದಾಗ ನೋಡಾಕ ಹೇಳೇನ್ರಿ ಅಕ್ಕಾರ," ಅಂದ. ನಾನು ಹೇಳುವ ಮೊದಲೇ ಕೊಲ್ಲಾಪುರಕ್ಕೆ ಹೇಗೆ ಹೇಳಿಕಳಿಸಿದ್ದ ಎಂದು ಕೇಳಬೇಕಿತ್ತು. ನನ್ನ ತಲೆ ಎಲ್ಲೋ ಇತ್ತು.

ಬ್ರೇಕು ನೋಡುವ ನೆಪದಲ್ಲಿ ಒಂದು ದಿನ ಬಂದು ಅವನು ಬದಲಿಸಿ ಹೋದ. ಜೀಪು ಮತ್ತೆ ಕುದಿಯಲಿಲ್ಲ.

ಅದಾದ ಬೇಸಿಗೆಯಲ್ಲಿ, ನಾನು ಡ್ಯೂಟಿಯಲ್ಲಿದ್ದಾಗ ಬಾಯಿಯ ಫೋನ್ ಬಂತು. ಏಕಸಂಬಿಯ ದಾರಿಯಲ್ಲಿ ನಿಂತಿದ್ದೇನೆ ಎಂದರು. ದನಿ ಸಣ್ಣಗಿತ್ತು. ಸಿಕ್ಕ ಟಂಟಂ ಆಟೋ ಹತ್ತಿ ಹೋದೆ. ಊರಿಗೆ ಇನ್ನೂ ದೂರದಲ್ಲಿ, ಬೇವಿನ ಮರದ ಕೆಳಗೆ ನೀಲಿ ಜೀಪು ಬಾನೆಟ್ ಎತ್ತಿಕೊಂಡು ನಿಂತಿತ್ತು. ಬಾಯಿ ಮೇಲಿನ ಪೈಪು ಮುಟ್ಟಿದರು, ಕೆಳಗಿನ ಪೈಪು ಮುಟ್ಟಿದರು, ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿದರು.

"ಎಲ್ಲಾ ಸರಿ ಐತಿ ಬೇ. ಮತ್ತ ನಾ ಯಾಕ ನಿಂತೆ?"

"ಎಲ್ಲಿಗೆ ಹೊಂಟಿದ್ರಿ ಬಾಯಿ?"

ಅವರು ರಸ್ತೆಯ ಆ ತುದಿ ನೋಡಿದರು, ಈ ತುದಿ ನೋಡಿದರು. "ಅದಽ ತಿಳೀವಲ್ದು," ಅಂದರು.

ನಾನು ಅವರ ಕೈ ಹಿಡಿದುಕೊಂಡೆ. ಗ್ರೀಸು ನನ್ನ ಯೂನಿಫಾರ್ಮಿಗೂ ಹತ್ತಿತು. ಸ್ವಲ್ಪ ಹೊತ್ತಿನ ಮೇಲೆ ಬಾಯಿ ಬಾನೆಟ್ ಮುಚ್ಚಿ, ಬಲಗಡೆಯ ಸೀಟಿನಲ್ಲಿ ಹೋಗಿ ಕೂತು, ಕೀಲಿಕೈ ನನ್ನ ಕಡೆ ಚಾಚಿದರು. "ನೀ ಹೊಡಿ."

"ನಂಗ ಬರೂದಿಲ್ರಿ."

"ಹಂಗಾದ್ರ ಇವತ್ತ ಕಲಿ."

ಎಲ್ಲಿಗೆ ಹೊರಟಿದ್ದರೆಂದು ನೆನಪಿಲ್ಲದ ಹೆಂಗಸು ನನಗೆ ಕ್ಲಚ್ಚು ಎಷ್ಟು ಬಿಡಬೇಕು, ಗೇರು ಯಾವಾಗ ಬೀಳುತ್ತದೆ ಎಂದು ಒಂದೂ ತಪ್ಪದೆ ಹೇಳಿಕೊಟ್ಟರು. ಜೀಪು ಮೂರ್ನಾಲ್ಕು ಸಲ ಜಿಗಿದು ಆಫಾಯಿತು. ಅವರು ಬಯ್ಯಲಿಲ್ಲ. ಮೊದಲನೆಯ ಗೇರಿನಲ್ಲೇ, ಕಬ್ಬಿನ ಟ್ರ್ಯಾಕ್ಟರುಗಳೆಲ್ಲ ನಮ್ಮನ್ನು ದಾಟಿಕೊಂಡು ಹೋಗುತ್ತಿರಲು, ಚಿಕ್ಕೋಡಿಯ ತನಕ ಬಂದೆವು. ದಾರಿಯುದ್ದಕ್ಕೂ ನನ್ನ ಕಣ್ಣಲ್ಲಿ ನೀರು. ಬಾಯಿ ಮಾತ್ರ ಮುಳ್ಳನ್ನೇ ನೋಡುತ್ತ, "ಹೆದರಬ್ಯಾಡ, ಕಾದಿಲ್ಲ," ಎನ್ನುತ್ತಿದ್ದರು.

ಆಮೇಲೆ ಅವರು ಜೀಪು ಮುಟ್ಟಲಿಲ್ಲ. ಮಗ ಮಿರಜಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದ. ರೋಗಕ್ಕೊಂದು ಹೆಸರು ಸಿಕ್ಕಿತು, ಗುಳಿಗೆಗಳೂ ಸಿಕ್ಕವು. ವರ್ಷ ವರ್ಷಕ್ಕೆ ಬಾಯಿ ನಮ್ಮಿಂದ ದೂರ ಹೋದರು. ತಾಯಿ ಮಗ ಮತ್ತೆ ಮಾತಾಡುವಂತಾದದ್ದು, ಜಗಳವಾಗಿತ್ತೆಂಬುದೇ ತಾಯಿಗೆ ಮರೆತುಹೋದದ್ದರಿಂದ. ಮಗ ಮಾತ್ರ ಮರೆಯಲಿಲ್ಲ. ತಾಯಿಗೆ ಉಣಿಸುತ್ತ, ತಲೆ ಬಾಚುತ್ತ, ಒಮ್ಮೊಮ್ಮೆ ನನ್ನ ಮುಂದೆ, "ಕಡೀತನಾ ನನ್ನ ಕಳ್ಳ ಅಂತಽ ತಿಳಕೊಂಡಾಳ ಅಕ್ಕಾ" ಎನ್ನುತ್ತಿದ್ದ. ಅಡುಗೆಮನೆಯ ಆ ಬೆಳಿಗ್ಗೆಯನ್ನೂ ಬಾಯಿ ಮರೆತಿದ್ದರೆಂದೇ ನಾನು ತಿಳಿದಿದ್ದೆ; ಇಲ್ಲವೆಂದು ಹೇಳಲು ನನ್ನ ಹತ್ತಿರ ಏನಿತ್ತು?

ಬಾಯಿ ಹೋದ ಮೇಲೆ ಮನೆಯಲ್ಲಿ ಬುದ್ಧನ ಫೋಟೋದ ಮುಂದೆ ಮೇಣಬತ್ತಿ ಹಚ್ಚಿ ವಂದನೆ ಮಾಡಿದರು. ಹೊಳೆಯ ಆಚೆ ಈಚೆಯಿಂದ ಜನ ಬಂದಿದ್ದರು. ಅವರ ಕೈಯಲ್ಲಿ ಹುಟ್ಟಿದವರು ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಊಟದ ಹೊತ್ತಿಗೆ ಮಿಸ್ತ್ರಿ ನನ್ನ ಹತ್ತಿರ ಬಂದು ನಿಂತ. ಕೈ ತೊಳೆದು ತೊಳೆದು ಬೆಳ್ಳಗೆ ಮಾಡಿಕೊಂಡಿದ್ದ.

"ಅಕ್ಕಾರ, ಒಂದ ಮಾತ ಇಟಗೊಂಡೇನ್ರಿ. ಇನ್ನ ಹೇಳಿದ್ರ ನಡೀತೈತಿ ಅಂತ ಕಾಣತೈತಿ. ಆ ಛಲೋ ಥರ್ಮೋಸ್ಟ್ಯಾಟ್ ಬೇಕು ಅಂತ ನೀವ ಬಂದ್ರಲ್ಲ, ನಿಮಗಿಂತ ಮೊದಲ ಬಾಯಿ ಬಂದಿದ್ರು. ಒಬ್ಬರಽ, ಬಸ್ಸಿನಾಗ."

ನಾನು ತಟ್ಟೆ ಕೆಳಗಿಟ್ಟೆ. "ಏನಂದ್ರು?"

"'ನಾ ಮರತ ಮರತ ಹಾಕಾಕತ್ತೇನಿ. ಛಲೋದೊಂದು ನೋಡಿ ಇಟಬಿಡು. ನನ್ನ ಮಗ ಮುಟ್ಟಿಲ್ಲ, ನೀನೂ ಮುಟ್ಟಿಲ್ಲ, ನಿಂಗ ಸುಮ್ಮಸುಮ್ಮನ ಬೈದೆ,' ಅಂದ್ರು. 'ಆ ಹುಡುಗಿಗೆ ಹೇಳಬ್ಯಾಡ, ಹೆದರತಾಳ' ಅಂತ ಆಣಿ ಹಾಕಿಸಿಕೊಂಡ್ರು. ಮುಂದ ಎಂಟ ದಿನಕ್ಕ ನೀವ ಬಂದು ಬಾಯಿಗೆ ಹೇಳಬ್ಯಾಡ ಅಂದ್ರಿ. ನಾ ಯಾರಿಗೆ ಏನ ಹೇಳ್ಲಿ?"

ಹಾಗಾದರೆ ಬಾಗಿಲಲ್ಲಿ ನಿಂತು "ಯಾರೋ ತಗದಾರ ನೋಡ" ಎಂದದ್ದು? ಗೊತ್ತಿದ್ದೂ ಅಂದರೇ, ಗೊತ್ತಿದ್ದದ್ದು ಮರೆತು ಅಂದರೇ, ನಾನು ಹೆದರಬಾರದೆಂದು ಅಂದರೇ? ಮಿಸ್ತ್ರಿಯನ್ನು ಕೇಳಿದೆ. ಅವನು ತಲೆ ಅಲ್ಲಾಡಿಸಿದ. "ಅದು ನನಗೂ ತಿಳೀಲಿಲ್ರಿ."

ನಾನು ಮಗನನ್ನು ಕರೆದೆ. ಬಡಿಸುತ್ತಿದ್ದವನು ಸೌಟು ಹಿಡಿದುಕೊಂಡೇ ಬಂದ. ಮಿಸ್ತ್ರಿ ಎಲ್ಲವನ್ನೂ ಮೊದಲಿನಿಂದ ಹೇಳಿದ. ಮಗ ಕೊನೆಯ ತನಕ ಕೇಳಿದ.

"ಅಂದ್ರ, ನಾ ಮಾಡಿಲ್ಲ ಅಂತ ಅವ್ವಗ ಗೊತ್ತಿತ್ತಾ?"

ಮಿಸ್ತ್ರಿ ನನ್ನ ಮುಖ ನೋಡಿದ, ಆಮೇಲೆ ಅವನನ್ನು ನೋಡಿದ. ಸುಳ್ಳು ಹೇಳುವ ಮನುಷ್ಯನಲ್ಲ.

"ಅವತ್ತಂತೂ ಗೊತ್ತಿತ್ರಿ ಮಾಸ್ತರ."

"ಆತು," ಅಂದ ಮಗ. "ಅಷ್ಟ ಸಾಕು." ಸೌಟಿನಿಂದ ಸಾರು ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಮತ್ತೆ ಪಂಕ್ತಿಗೆ ಹೋಗಿ, ಒಬ್ಬೊಬ್ಬರ ಮುಂದೆ ಬಗ್ಗಿ, ಇನ್ನಷ್ಟು ಹಾಕಿಸಿಕೊಳ್ಳಿರೆಂದು ಒತ್ತಾಯ ಮಾಡತೊಡಗಿದ.